ರಿಮೋಟ್ ಕಳೆಯಂತ್ರ: ಸಾಲಿನ ನಡುವೆ ಸೈ, ಬುಡಕ್ಕೆ ಕೈಯೇ ಬೇಕು

ಬ್ರಹ್ಮಾವರದ ಕಡೆ ಈ ಮಳೆಗಾಲ ರಿಮೋಟಿನಲ್ಲಿ ಓಡುವ ಕಳೆಯಂತ್ರವನ್ನು ಬಾಡಿಗೆಗೆ ತರಿಸಿದ್ದೆ. ಹೇಗಾಯ್ತು ಎಂದು ಕೇಳುವವರಿಗೆ ನನ್ನ ಉತ್ತರ ಇದು: ಚಾಪೆ ನೇಜಿ (ಚಾಪೆಯಂತೆ ಬೆಳೆಸಿದ ಭತ್ತದ ಸಸಿ) ಮಾಡಿ ಮೆಷಿನಿನಲ್ಲಿ ನೆಟ್ಟ ಗದ್ದೆಯಾದರೆ ಧೈರ್ಯವಾಗಿ ತರಿಸಿ. ಸಾಲಿಲ್ಲದೆ ಕೈಯಲ್ಲಿ ನೆಟ್ಟದ್ದಾದರೆ ಬೇಡವೇ ಬೇಡ.

ನಾಟಿ ಮೆಷಿನ್ ಸಾಲಿಂದ ಸಾಲಿಗೆ 30 ಸೆಂ.ಮೀ. ಬಿಡುತ್ತದೆ. ಆ ಸಂದಿನಲ್ಲಿ ಯಂತ್ರದ ಹಲ್ಲುಚಕ್ರ ಕೆಸರು ಕಲಕುತ್ತಾ ಹೋಗಿ ಎಳೆ ಕಳೆಯನ್ನು ಕಿತ್ತು ಅಲ್ಲೇ ಹೂಳುತ್ತದೆ. ಕೈಯಲ್ಲಿ ತಳ್ಳುವ ಕೋನೋವೀಡರ್ ಮಾಡುವುದೂ ಇದೇ ಕೆಲಸ, ಆದರೆ ಜಡಿಮಳೆಯಲ್ಲಿ ಅದನ್ನು ಹಿಂದೆ ಮುಂದೆ ತಳ್ಳಿದವರ ಭುಜ ರಾತ್ರಿ ನಿದ್ದೆ ಕೊಡುವುದಿಲ್ಲ. ಇಲ್ಲಿ ಯಂತ್ರ ನಡೆಸುವ ಹುಡುಗ ಅಂಚಿನ ಮೇಲೆ ನಿಂತು ರಿಮೋಟ್ ಹಿಡಿದರಾಯ್ತು. ನಮ್ಮ ಮಜಲು ಗದ್ದೆಯಲ್ಲಿ (ನಡುಮಟ್ಟದ್ದು) ಎಂಒ4 ಭತ್ತದ ತಳಿ ನೆಟ್ಟು ಮೂರು ವಾರವಾಗಿತ್ತು. ನೀರನ್ನು ಎರಡು ಬೆರಳಷ್ಟು ಉಳಿಸಿಕೊಂಡು ಯಂತ್ರ ಇಳಿಸಿದೆ. ಸಾಲು ತಪ್ಪದೆ ಹೋಯಿತು. ತಿರುಗಿಸುವ ಕಡೆ ಮಾತ್ರ ಒಂದಷ್ಟು ಸಸಿ ಮಲಗಿತು.

ತಗ್ಗಿನ ಬೈಲು ಗದ್ದೆಗೆ ಇಳಿಸಿದಾಗ ಹೂತುಹೋಯಿತು. ಜುಲೈಯಲ್ಲಿ ಅಲ್ಲಿ ನೀರು ಬಸಿಯುವುದೇ ಇಲ್ಲ. ಜಪಾನಿನಲ್ಲಿ ಐಗಾಮೊ ಎಂಬ ತೇಲುವ ರೋಬೋ ಇದೆ. ಸೋಲಾರಿನಲ್ಲಿ ಗದ್ದೆಯಿಡೀ ಸುತ್ತಿ ನೀರು ಕದಡುತ್ತದೆ, ಬೆಳಕು ಕೆಳಗಿಳಿಯದೆ ಕಳೆ ಮೇಲೇಳುವುದಿಲ್ಲ. ಬೈಲಿಗೆ ಬೇಕಾದದ್ದು ಅಂಥದ್ದು. ಆಟಿ ತಿಂಗಳ ಮಳೆಮೋಡದಲ್ಲಿ ಸೋಲಾರ್ ಎಷ್ಟು ಎಳೆದೀತು ಎನ್ನುವುದು ಬೇರೆ ಮಾತು.

ಇನ್ನು ಬುಡದ ಕಳೆ. ಸಾಲಿನೊಳಗೆ, ನೇಜಿಗೆ ಅಂಟಿಕೊಂಡೇ ಒಂದು ಹುಲ್ಲು ಬರುತ್ತದೆ. ಪುಸ್ತಕದಲ್ಲಿ ಅದಕ್ಕೆ ಎಕೈನೊಕ್ಲೋವಾ ಎನ್ನುತ್ತಾರೆ, ನೋಡಲು ಭತ್ತವೇ. ಕಳೆ ಕೀಳಲು ಬರುವ ಅಕ್ಕ ಎಲೆಯನ್ನು ಮೆಲ್ಲ ಹಿಂದಕ್ಕೆ ಬಾಗಿಸಿ ತೋರಿಸಿದರು: ಎಲೆ ಕಾಂಡಕ್ಕೆ ಕೂಡುವಲ್ಲಿ ಭತ್ತಕ್ಕೆ ಬಿಳಿಯ ತೆಳು ಪೊರೆ, ಪಕ್ಕದಲ್ಲಿ ರೋಮವಿರುವ ಪುಟ್ಟ ಕಿವಿ. ಹುಲ್ಲಿಗೆ ಎರಡೂ ಇಲ್ಲ, ಬರೀ ನುಣುಪು. “ಇದ್ನ ನಿಮ್ಮ ಮೆಷಿನ್ ನೋಡುತ್ತಾ ಮಾರಾಯ್ರೆ?” ಎಂದರು. ನೋಡುವುದಿಲ್ಲ. ಕ್ಯಾಮೆರಾ ಇಟ್ಟು ಕಳೆ ಗುರುತಿಸಿ ಲೇಸರಿನಿಂದ ಸುಡುವ ಯಂತ್ರಗಳು ಅಮೆರಿಕದ ತರಕಾರಿ ಹೊಲಗಳಲ್ಲಿ ಓಡುತ್ತಿವೆ. ನಮ್ಮಲ್ಲಿಗೆ ಬಂದದ್ದಕ್ಕೆ ಕಣ್ಣಿಲ್ಲ. ಹಾಗಾಗಿ ಯಂತ್ರದ ಹಿಂದೆಯೇ ಆಳು ಇಳಿಸಲೇಬೇಕು. ಆದರೆ ಹಿಂದಿನಷ್ಟು ಜನ ಬೇಡ, ಅವರ ಸೊಂಟವೂ ಅಷ್ಟು ಬಾಗಬೇಕಿಲ್ಲ.

ಕಳೆನಾಶಕ ಹೊಡೆದರೆ ಸುಲಭವಲ್ಲವೇ ಎನ್ನುವವರಿದ್ದಾರೆ. ನಮ್ಮ ಗದ್ದೆಯ ನೀರು ಕೆಳಗಿನ ಗದ್ದೆಗೆ, ಅಲ್ಲಿಂದ ತೋಡಿಗೆ, ತೋಡಿನಿಂದ ಸೀತಾನದಿಗೆ. ಅದೇ ತೋಡಿನಲ್ಲಿ ಮಕ್ಕಳು ಮೀನು ಹಿಡಿಯುತ್ತಾರೆ. ನಾನು ಹೊಡೆಯುವುದಿಲ್ಲ.

ಸೇವೆಯ ಬಗ್ಗೆ ಒಂದು ತಕರಾರು ಇದೆ. ಬಾಡಿಗೆ ಗಂಟೆ ಲೆಕ್ಕ, ತಂದದ್ದು ಒಂದೇ ಬ್ಯಾಟರಿ. ಅದು ನಮ್ಮ ಪಂಪ್‌ಶೆಡ್ಡಿನಲ್ಲಿ ಚಾರ್ಜ್ ಆಗುತ್ತಾ ಕೂತ ಹೊತ್ತನ್ನೂ ಬಿಲ್ಲಿಗೆ ಸೇರಿಸಿದ್ದರು. ಕೇಳಿದ ಮೇಲೆ ಸ್ವಲ್ಪ ಬಿಟ್ಟುಕೊಟ್ಟರು, ಪೂರ್ತಿ ಅಲ್ಲ. ಯಂತ್ರ ನಡೆಸಿದ ಹುಡುಗನ ಕೆಲಸ ಮಾತ್ರ ಅಚ್ಚುಕಟ್ಟು. ಹಲ್ಲಿಗೆ ಸುತ್ತಿದ ಬೇರನ್ನು ಪ್ರತಿ ಸಾಲಿನ ಕೊನೆಗೆ ತಾನೇ ಬಿಡಿಸುತ್ತಿದ್ದ.

ಮಳೆಗಾಲ ಕಳೆದ ಮೇಲಿನ ಸುಗ್ಗಿ ಬೆಳೆಗೆ ಮತ್ತೆ ಅವನನ್ನೇ ಕರೆಸುತ್ತೇನೆ, ಎಕರೆ ಲೆಕ್ಕದಲ್ಲಿ ಮೊದಲೇ ಮಾತಾಡಿಕೊಂಡು. ತರಿಸುವವರು ಎರಡನೇ ಬ್ಯಾಟರಿ ಇದೆಯೇ ಎಂದು ಫೋನಿನಲ್ಲೇ ಕೇಳಿಕೊಳ್ಳಿ.