12 ಅಡಿ ಅಜೋಲಾ ಬೆಡ್, ಎಂಟು ತಿಂಗಳು ಬಳಸಿದ್ಮೇಲೆ

ನಮ್ಮನೇಲಿ ಎರಡು ಹಸು, ಹಿಂಡಿ ರೇಟು ಏರ್ತಾನೇ ಇತ್ತು, ಹಸುಗೆ ಮೇವಾಗೋ ಅಜೋಲಾ ಅನ್ನೋ ನೀರುಗಿಡ ಬೆಳೆಸೋಣ, ಗುಂಡಿ ತೆಗೆಯೋ ರಗಳೆ ಬೇಡ ಅಂತ ರೆಡಿಮೇಡ್ ಬೆಡ್ ತಂದೆ. 12 ಅಡಿ ಉದ್ದ, 4 ಅಡಿ ಅಗಲ, 1 ಅಡಿ ಎತ್ತರ, ದಪ್ಪ ಪ್ಲಾಸ್ಟಿಕ್ ಶೀಟು, ನೀರು ಬಿಡೋಕೆ ಮೂಲೇಲೊಂದು ಪೈಪು. ಶೀಟ್ ಬಗ್ಗೆ ಮಾತಾಡೋ ಹಾಗಿಲ್ಲ, ಬಿಸಿಲು ತಿಂದ್ರೂ ಎಲ್ಲೂ ಸೋರಿಲ್ಲ.

ಬೇಜಾರಾಗಿದ್ದು ಅಂಗಡಿಯವರ ಸಲಹೆಗೆ. "ಅಣ್ಣ, ವಾರಕ್ಕೊಂದ್ ಹಿಡಿ ಯೂರಿಯಾ ಎರಚಿ, ಡಬಲ್ ಬರುತ್ತೆ" ಅಂದ್ರು, ನಾನೂ ನಂಬಿ ಎರಚಿದೆ, ಹತ್ತೇ ದಿನಕ್ಕೆ ನೀರೆಲ್ಲ ಹಸಿರು ಪಾಚಿ ಕಟ್ಕೊಂಡು ಅಜೋಲಾ ಒಂದು ಮೂಲೆ ಸೇರ್ತು. ಪಶು ಡಾಕ್ಟ್ರು ನೋಡಿ "ಯೂರಿಯಾದಲ್ಲಿರೋ ಸಾರಜನಕ ಕೊಡೋರು ಎಲೆ ಒಳಗೇ ಕೂತಿದಾರೆ ಕಣ್ರೀ, ಅದಕ್ಕೆ ಬೇಕಿರೋದು ರಂಜಕ" ಅಂದ್ರು.

ಅಜೋಲಾನ ಎಲ್ರೂ ಪಾಚಿ ಅಂತಾರೆ, ಆದ್ರೆ ಅದು ನೀರಲ್ಲಿ ತೇಲೋ ಜರಿಗಿಡ. ಎಳ್ಳಿಗಿಂತ ಸಣ್ಣ ಎಲೆ, ಅದರ ಮೇಲ್ಭಾಗದಲ್ಲೊಂದು ಪೊಟರೆ, ಪೊಟರೆ ತುಂಬ ಅನಬೀನಾ ಅನ್ನೋ ಸಯನೋಬ್ಯಾಕ್ಟೀರಿಯಾ, ಅಂದ್ರೆ ನೀಲಿಹಸಿರು ಸೂಕ್ಷ್ಮಜೀವಿ. ಮಗಳ ಸ್ಕೂಲಿನ ಮೈಕ್ರೋಸ್ಕೋಪಲ್ಲಿ ಎಲೆ ಜಜ್ಜಿ ನೋಡಿದ್ವಿ, ಥೇಟ್ ಮಣಿಸರ, ನಾಕೈದು ಮಣಿಗೊಂದು ದಪ್ಪ ಮಣಿ. ಗಾಳಿಯ ಸಾರಜನಕ ಗೊಬ್ಬರ ಆಗೋದು ಆ ದಪ್ಪ ಮಣಿಯಲ್ಲೇ, ಆ ಕೆಲಸ ಮಾಡೋ ಕಿಣ್ವ ಆಕ್ಸಿಜನ್ ತಾಗಿದ್ರೆ ಕೆಟ್ಟುಹೋಗುತ್ತೆ, ಅದಕ್ಕೇ ಅದರ ಗೋಡೆ ಅಷ್ಟು ದಪ್ಪ. ಇರೋಕೆ ಜಾಗ, ತಿನ್ನೋಕೆ ಸಕ್ಕರೆ ಗಿಡದ್ದು, ಸಾರಜನಕ ಇವರದ್ದು. ಮರಿಗಿಡಕ್ಕೂ ತಾಯಿಯಿಂದಲೇ ಇವರು ಹೋಗ್ತಾರೆ, ಹೊರಗಿಂದ ಯಾರೂ ತಂದು ಹಾಕ್ಬೇಕಿಲ್ಲ. ಸ್ವೀಡನ್, ಫಿನ್ಲೆಂಡಿನ ಉತ್ತರದ ಕಾಡಲ್ಲಿ ನೆಲಕ್ಕೆ ಹಾಸಿರೋ ಹಾವಸೆಗೂ ಇಂಥದ್ದೇ ಜೊತೆಗಾರರು, ಹೆಕ್ಟೇರಿಗೆ ವರ್ಷಕ್ಕೆ 1.5ರಿಂದ 2 ಕೆಜಿ ಸಾರಜನಕ ಸೇರುತ್ತೆ ಅಂತ ವಿಜ್ಞಾನಿಗಳು 2002ರಲ್ಲೇ ಅಳೆದು ಬರೆದಿದಾರೆ. ಓದಿ ಎಷ್ಟು ಖುಷಿಯಾಯ್ತು ಅಂದ್ರೆ ಮನೆಯವರಿಗೆಲ್ಲ ಓದಿ ಹೇಳಿದೆ.

ಆಮೇಲೆ ನೀರೆಲ್ಲ ಖಾಲಿ ಮಾಡಿ ಹೊಸದಾಗಿ ಶುರು ಮಾಡಿದೆ. ಜರಡಿ ಹಿಡಿದ ಮಣ್ಣು, ಸಗಣಿ ಬಗ್ಗಡ, ರಂಜಕಕ್ಕೆ ಅಂತ ಒಂದು ಹಿಡಿ ಸೂಪರ್ ಫಾಸ್ಫೇಟ್ ಗೊಬ್ಬರ, ನಾಕು ಇಂಚು ನೀರು, ಅಷ್ಟೇ. ಎರಡು ವಾರಕ್ಕೆ ಚಾಪೆ ಹಾಸಿದ ಹಾಗೆ ತುಂಬ್ಕೊಂತು. ಐದು ದಿನಕ್ಕೊಮ್ಮೆ ಸ್ವಲ್ಪ ಸಗಣಿ, ಸ್ವಲ್ಪ ಸೂಪರ್, ಹತ್ತು ದಿನಕ್ಕೊಮ್ಮೆ ಕಾಲುಭಾಗ ನೀರು ಬದಲಿ.

ಮೊದಮೊದಲು ಹಸು ಮೂಸಿ ಮುಖ ತಿರುಗಿಸ್ತು, ಸಗಣಿ ವಾಸನೆ ಹೋಗೋವರೆಗೂ ಮೂರ್ನಾಕು ನೀರಲ್ಲಿ ತೊಳೆದು ಬೂಸಾ ಜೊತೆ ಕಲಸಿ ಇಟ್ಟ ಮೇಲೆ ತಿಂದ್ವು. ಒಣಗಿದ ಲೆಕ್ಕದಲ್ಲಿ ನೂರಕ್ಕೆ 25ರ ಆಸುಪಾಸು ಪ್ರೋಟೀನ್ ಇರುತ್ತೆ, ಆದ್ರೆ ಹಸಿ ಅಜೋಲಾದಲ್ಲಿ ಬಹುಪಾಲು ನೀರೇ, ಹಿಂಡಿ ಪೂರ್ತಿ ನಿಲ್ಲಿಸ್ಬಹುದು ಅಂತ ಯಾರಾದ್ರೂ ಅಂದ್ರೆ ನಂಬ್ಬೇಡಿ. ದಿನಕ್ಕೆ 3 ಕೆಜಿ ಅಂತ ಚೀಟೀಲಿ ಬರೆದಿದ್ರು, ನನಗೆ ಸಿಕ್ಕಿದ್ದು ಒಂದು ಕೆಜಿ ಚಿಲ್ಲರೆ, ಏಪ್ರಿಲ್ ಬಿಸಿಲಿಗೆ ಎಲ್ಲ ಕೆಂಪಾಗಿ ಅದೂ ನಿಂತುಹೋಯ್ತು, ನೆರಳುಬಲೆ ಕಟ್ಟಿದ್ಮೇಲೆ ಮತ್ತೆ ಹಸಿರಾಯ್ತು.

ಬೆಡ್ಡಿಗೆ ಐದಕ್ಕೆ ನಾಕು. ಎರಡನೇದಕ್ಕೆ ತೆಂಗಿನ ಮರದ ಅರೆನೆರಳಲ್ಲಿ ಜಾಗ ಸಮ ಮಾಡ್ತಿದೀನಿ.