ಡ್ವಾರ್ಫ್ ಮೊಲ: ಮೂರು ಜೋಡಿ ಮಾಡಿ ನೋಡಿದೆ

ಬಸವನಗುಡಿಯ ನಮ್ಮ ಮನೆ ತಾರಸಿಯಲ್ಲಿ ನೆದರ್ಲ್ಯಾಂಡ್ ಡ್ವಾರ್ಫ್ ಮೊಲ ಸಾಕುತ್ತೇನೆ. ಬೆಳೆದರೂ ಒಂದು ಕೆಜಿ ಆಸುಪಾಸು. ಗಿಡ್ಡ ಕಿವಿ, ದುಂಡು ಮುಖ. ಕುಳ್ಳ ಗಂಡಿಗೆ ಕುಳ್ಳ ಹೆಣ್ಣನ್ನೇ ಜೋಡಿ ಮಾಡಿದರೆ ಮರಿಗಳೆಲ್ಲ ಕುಳ್ಳಗಿರುತ್ತವೆ ಅಂದುಕೊಂಡಿದ್ದೆ.

ಮೂರು ಸೂಲಿಗೆ 13 ಮರಿ. ಅದರಲ್ಲಿ ನಾಲ್ಕು 'ಪೀನಟ್'. ಸಾಕುವವರು ಕರೆಯುವುದೇ ಹಾಗೆ. ಕಡಲೆಕಾಯಿ ಪರಿಷೆಯ ಊರಲ್ಲಿದ್ದುಕೊಂಡು ಆ ಹೆಸರು ಹೇಳೋಕೆ ನನಗೆ ಬೇಜಾರು. ಒಂದನ್ನು ಅಡುಗೆಮನೆ ತೂಕದ ಮೇಲಿಟ್ಟೆ: 16 ಗ್ರಾಂ. ಪಕ್ಕದ ಮರಿ 34. ತಲೆ ಉಬ್ಬಿತ್ತು, ಚಿಕ್ಕ ಕಿವಿ ಹಿಂದಕ್ಕೆ ಸರಿದಿತ್ತು, ಸೊಂಟದಿಂದ ಕೆಳಗೆ ಸೊರಗಿತ್ತು. ತಾಯಿ ತನ್ನ ತುಪ್ಪಳ ಕಿತ್ತು ಹಾಸಿದ ಗೂಡಲ್ಲಿ ಬೆಚ್ಚಗೇ ಇತ್ತು. ಮೂರನೇ ದಿನ ಹೋಯಿತು. ನಾಲ್ಕೂ ವಾರ ದಾಟಲಿಲ್ಲ. ಸುಮ್ನೆ ಮೇವನ್ನು ದೂರಿದೆ. ತಪ್ಪು ಎಚ್‌ಎಂಜಿಎ2 ಜೀನಿನದು. ಮರಿಗೆ ಅದರ ಎರಡು ಪ್ರತಿ, ತಂದೆಯಿಂದೊಂದು, ತಾಯಿಯಿಂದೊಂದು. ಒಂದು ಪ್ರತಿ ಕೆಟ್ಟಿದ್ದರೆ ಮುದ್ದು ಕುಳ್ಳ, ಎರಡೂ ಕೆಟ್ಟರೆ ಪೀನಟ್.

ಆಮೇಲೆ ಅದೇ ಗಂಡಿಗೆ ಮೂರು ಕೆಜಿಯ ಮಾಮೂಲಿ ಬಿಳಿ ಹೆಣ್ಣು ತಂದೆ. ಇದನ್ನು ತಿರುವುಮುರುವು ಮಾಡಬಾರದು. ದೊಡ್ಡ ಗಂಡಿನ ಮರಿ ಪುಟ್ಟ ತಾಯಿಗೆ ಹೆರಲು ಕಷ್ಟ. ಎರಡು ಸೂಲಿಗೆ 11 ಮರಿ, ಪೀನಟ್ ಒಂದೂ ಇಲ್ಲ. ಆದರೆ ರೂಪ ಕೆಟ್ಟಿತು. "ಏನೋ ಇದು, ಮೊಲಕ್ಕೆ ಕತ್ತೆ ಕಿವಿ!" ಅಂದರು ಅಮ್ಮ.

ಕೊನೆಗೆ ನನಗೆ ಹಿಡಿಸಿದ್ದು 'ಫಾಲ್ಸ್ ಡ್ವಾರ್ಫ್' ಹೆಣ್ಣು. ಡ್ವಾರ್ಫ್ ವಂಶದಲ್ಲೇ ಹುಟ್ಟಿದ್ದು, ಆ ದೋಷ ಮಾತ್ರ ಬಂದಿರುವುದಿಲ್ಲ. ಮೈ ಸ್ವಲ್ಪ ದೊಡ್ಡದು ಅಂತ ಅಗ್ಗಕ್ಕೆ ಕೊಟ್ಟುಬಿಡುತ್ತಾರೆ. ಬೇರೆ ಮನೆಯಿಂದ ತಂದೆ, ರಕ್ತಸಂಬಂಧ ಬೇಡ ಅಂತ. ಎರಡು ಸೂಲಿಗೆ ಎಂಟು ಮರಿ, ಎಂಟೂ ಬದುಕಿದವು. ಐದು ಕುಳ್ಳ, ದುಂಡು ಮುಖದವು.

ಲೆಕ್ಕ ಹಾಕಿದರೆ ಪೆಚ್ಚಾಗುತ್ತದೆ. ಕುಳ್ಳಕ್ಕೆ ಕುಳ್ಳ ಸೇರಿಸಿದರೂ ಸರಾಸರಿ ಅರ್ಧ ಮರಿಯೇ ಕುಳ್ಳ, ದೋಷವಿಲ್ಲದ್ದನ್ನು ಸೇರಿಸಿದರೂ ಅರ್ಧವೇ. ಮೊದಲಿನದರಲ್ಲಿ ಕಾಲುಭಾಗ ಸಾಯುತ್ತವೆ, ಅಷ್ಟೇ. ಮತ್ತೆ ಯಾವ ಸುಖಕ್ಕೆ ಅಲ್ವಾ?

ಮಿನಿಯೇಚರ್ ಕುದುರೆ ಸಾಕುವವರ ಕಷ್ಟ ಇನ್ನೂ ಜಾಸ್ತಿ. ಅಲ್ಲಿ ಕುಬ್ಜತೆ ಎಂಬ ಅಂಗವಿಕಾರ (ತಳಿಯ ಸಹಜ ಗಿಡ್ಡತನವಲ್ಲ) ತರುವ ಎಸಿಎಎನ್ ಜೀನಿನ ದೋಷ ಒಂದೇ ಪ್ರತಿಯಲ್ಲಿದ್ದರೆ ಕುದುರೆ ನೋಡೋಕೆ ಸರಿಯಾಗೇ ಇರುತ್ತದೆ. ಬುಡಸಮೇತ ಕೂದಲು ಕಿತ್ತು ಪರೀಕ್ಷೆಗೆ ಕಳಿಸಬೇಕು. ಹೊರಗಿನ ತಳಿ ತಂದರೂ ಪರೀಕ್ಷೆ ತಪ್ಪಿದ್ದಲ್ಲ, ಅದರಲ್ಲೂ ದೋಷ ಅಡಗಿರಬಹುದು. ನನಗೋ, ಕಿವಿ ನೋಡಿದರೇ ಹೆಚ್ಚುಕಮ್ಮಿ ಗೊತ್ತಾಗುತ್ತದೆ.

ದೊಡ್ಡ ಮರಿಗಳನ್ನು ಕೇಳುವವರು ಕಮ್ಮಿ. ಕತ್ತೆ ಕಿವಿಯ ಎರಡು ಇನ್ನೂ ತಾರಸಿಯಲ್ಲೇ ಇವೆ. ಸಂಜೆ ಅಮ್ಮ ಗರಿಕೆ ಹಾಕುವುದು ಅವಕ್ಕೇ ಮೊದಲು.