ಒಂದೇ ದಿನ ಕೊಂಡ ಎರಡು ಬಕೆಟ್‌ಗಳು: ಮೂರನೇ ಬೇಸಿಗೆಯ ವರದಿ

2022ರ ಯುಗಾದಿಯ ಹಿಂದಿನ ವಾರ ರಾಯಚೂರಿನ ಪಾತ್ರೆ ಅಂಗಡಿಯೊಂದರಲ್ಲಿ ಹದಿನಾರು ಲೀಟರಿನ ಎರಡು ಕೆಂಪು ಬಕೆಟ್ ಕೊಂಡೆ. ಕಂಪನಿಯೂ ಒಂದೇ, ಬೆಲೆಯೂ ಒಂದೇ. ಅಂಗಡಿಯವರು ಒಂದನ್ನು ಬೋರಲು ಹಾಕಿ, ಅದರ ಮೇಲೆ ತಾವೇ ಹತ್ತಿ ನಿಂತು, “ನೋಡಿ ಅಕ್ಕಾ, ಏನಾದರೂ ಆಯಿತೇ?” ಎಂದರು. ಏನೂ ಆಗಲಿಲ್ಲ. ಅಂದಿನ ಮಟ್ಟಿಗೆ ಅವರು ಹೇಳಿದ್ದು ನಿಜವೇ.

ಒಂದು ಬಚ್ಚಲುಮನೆಗೆ ಹೋಯಿತು, ಇನ್ನೊಂದು ಗಿಡಗಳಿಗೆ ನೀರು ಹಾಕಲು ಮಾಳಿಗೆಗೆ. ಬಚ್ಚಲಿನದು ಇಂದಿಗೂ ಗಟ್ಟಿಯಾಗಿದೆ. ಗಡಸು ನೀರಿನ ಬಿಳಿ ಪದರ ಕಟ್ಟಿದೆ, ಅಷ್ಟೇ. ಅಂಚನ್ನು ಒತ್ತಿದರೆ ಬಾಗಿ ಮತ್ತೆ ನೆಟ್ಟಗಾಗುತ್ತದೆ. ಮಾಳಿಗೆಯದು 2024ರ ಮೇ ತಿಂಗಳಲ್ಲಿ, ಅರ್ಧ ನೀರಿದ್ದಾಗಲೇ ಹಿಡಿಕೆಯ ಕಿವಿ ಕಿತ್ತು ಕೈಜಾರಿತು. ಬಿದ್ದದ್ದು ಮೊಣಕಾಲೆತ್ತರದಿಂದ. ಅಂಚಿನಿಂದ ತಳದವರೆಗೆ ಮಣ್ಣಿನ ಗಡಿಗೆಯಂತೆ ಸೀಳಿಹೋಯಿತು.

ಚೂರುಗಳನ್ನು ಎಸೆಯದೆ ನೋಡಿದೆ. ಹೊರಮೈ ಕೆಂಪು ಬಿಟ್ಟು ಮಾಸಲು ಗುಲಾಬಿಯಾಗಿತ್ತು. ಉಗುರಿನಿಂದ ಗೀರಿದರೆ ಸುಣ್ಣದಂಥ ಪುಡಿ ಬರುತ್ತಿತ್ತು. ಬಿಸಿಲಿಗೆ ಹಿಡಿದಾಗ ಕೂದಲೆಳೆಯಂಥ ಬಿರುಕುಗಳು, ಬತ್ತಿದ ಕೆರೆಯ ಅಂಗಳದ ಹಾಗೆ. ಆದರೆ ಒಡೆದ ಅಂಚಿನಲ್ಲಿ ಒಳಗಿನ ಪದರ ಇನ್ನೂ ಹೊಸದರಂತೆ ಕೆಂಪಗಿತ್ತು! ನೆಲಕ್ಕೆ ತಾಗಿಕೊಂಡಿದ್ದ ತಳದ ಚೂರು ಬಾಗಿತು. ಅಂಚಿನ ಚೂರು ಟಪ್ಪೆಂದು ಮುರಿಯಿತು. ಒಂದೇ ಬಕೆಟಿನಲ್ಲಿ ಎರಡು ವಯಸ್ಸು.

ತಳದಲ್ಲಿ ತ್ರಿಕೋನದೊಳಗೆ 5 ಎಂಬ ಅಂಕಿ ಇದೆ, ಅಂದರೆ ಪಾಲಿಪ್ರೊಪಿಲೀನ್. ಬಿಸಿಲಿನ ನೇರಳಾತೀತ ಕಿರಣ ಮತ್ತು ಗಾಳಿಯ ಆಮ್ಲಜನಕ ಸೇರಿ ಅದರ ಉದ್ದನೆಯ ಅಣುಸರಪಳಿಗಳನ್ನು ಕತ್ತರಿಸುತ್ತವೆ. ತುಂಡಾದ ಸರಪಳಿಗಳು ಒತ್ತಾಗಿ ಜೋಡಿಕೊಳ್ಳುವುದರಿಂದ ಮೇಲ್ಪದರ ಕುಗ್ಗಿ ಬಿರಿಯುತ್ತದೆ. ಪೆಟ್ಟು ಬಿದ್ದಾಗ ಹೊಸ ಪ್ಲಾಸ್ಟಿಕ್ ಹಿಗ್ಗಿ ಅದನ್ನು ತಡೆದುಕೊಳ್ಳುತ್ತದೆ. ಹಳೆಯದರಲ್ಲಿ ಮೇಲಿನ ಬಿರುಕಿನ ತುದಿಯಲ್ಲೇ ಒತ್ತಡವೆಲ್ಲ ಕೂಡಿ, ಸೀಳು ಒಳಗಿನ ಗಟ್ಟಿ ಭಾಗಕ್ಕೂ ನುಗ್ಗುತ್ತದೆ. ಗಾಜಿನ ಮೇಲೆ ಗೀರು ಎಳೆದು ಮುರಿಯುವವರು ನಂಬಿಕೊಂಡಿರುವುದೂ ಇದನ್ನೇ. ಇಡೀ ಬಕೆಟ್ ಕೆಡಬೇಕಾಗಿಲ್ಲ, ತೆಳುವಾದ ಚರ್ಮ ಕೆಟ್ಟರೆ ಸಾಕು.

ನನ್ನ ತಕರಾರು ಬಕೆಟಿನ ಮೇಲಲ್ಲ, ಅದರ ಚೀಟಿಯ ಮೇಲೆ. “ಒಡೆಯುವುದಿಲ್ಲ” ಎಂದು ದಪ್ಪಕ್ಷರದಲ್ಲಿ ಬರೆಯುವವರು “ನೆರಳಿನಲ್ಲಿಡಿ” ಎಂಬ ಒಂದು ಮಾತನ್ನು ಸೇರಿಸಬಹುದಿತ್ತು. ಬಿಸಿಲು ತಡೆಯುವ ಪದಾರ್ಥವನ್ನು ಪ್ಲಾಸ್ಟಿಕ್‌ಗೆ ಬೆರೆಸುವುದು ಎಂದೋ ಗೊತ್ತಿರುವ ವಿದ್ಯೆ. ಬೆರೆಸಿದ್ದಾರೋ ಇಲ್ಲವೋ ಎಂದು ತಿಳಿಯುವ ಹಕ್ಕು ಕೊಳ್ಳುವವರಿಗಿದೆ, ಅದರಲ್ಲೂ ನಮ್ಮಂಥ ಬಿಸಿಲೂರಿನಲ್ಲಿ.

ಬಚ್ಚಲಿಗಾದರೆ ಈ ಬಕೆಟನ್ನು ಧೈರ್ಯವಾಗಿ ಕೊಳ್ಳಿ. ಮಾಳಿಗೆಗೆ ಬೇಡ. ಅಲ್ಲಿಗೆ ನಾನೀಗ ಗಾರೆ ಕೆಲಸದವರು ಬಳಸುವ ಕಪ್ಪು ಬಕೆಟ್ ತಂದಿದ್ದೇನೆ. ಕಪ್ಪು ಬಣ್ಣ ಕೊಡುವ ಇಂಗಾಲದ ಮಸಿ ಕಿರಣಗಳನ್ನು ಮೇಲ್ಮೈಯಲ್ಲೇ ಹೀರಿ ತಡೆಯುತ್ತದೆ. ನೋಡಲು ಅಂದವಿಲ್ಲ, ಮಧ್ಯಾಹ್ನ ಮುಟ್ಟಿದರೆ ಕೈ ಸುಡುತ್ತದೆ. ಒಂದು ಬೇಸಿಗೆ ಕಳೆದ ಮೇಲೆ ಉಗುರಿನಿಂದ ಗೀರಿ ನೋಡಿದೆ, ಪುಡಿ ಬರಲಿಲ್ಲ.